ಫುರ್ನಾಸ್‌ಗೆ ಬರೋರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ, ಪೋರ್ಚುಗಲ್‌ನ ಅಜೋರ್ಸ್‌ನ ಸಾವ್ ಮಿಗೆಲ್ ದ್ವೀಪಕ್ಕೆ ಹೋದ್ಮೇಲೆ ಅಲ್ಲಿನ ಫುರ್ನಾಸ್ ಊರಿಗೆ ಹೋಗೋ ದಿನ ಮಾತ್ರ ಬೆಳಗ್ಗೆ ಬೇಗ ರೆಡಿಯಾಗಿ ಪ್ಲೀಸ್, ಯಾಕಂದ್ರೆ ಕೆರೆ ದಂಡೇಲಿ ನೆಲದೊಳಗೆ ಇಳಿಸಿಟ್ಟ ಅಡುಗೆ ಪಾತ್ರೆಗಳನ್ನ ಮಧ್ಯಾಹ್ನದ ಹೊತ್ತಿಗೆ ಎತ್ತಿಬಿಡ್ತಾರೆ, ಬೆಂಕಿನೇ ಇಲ್ದೆ ಬರೀ ಜ್ವಾಲಾಮುಖಿ ಬಿಸಿಗೆ ಐದಾರು ಗಂಟೆ ಬೆಂದಿರುತ್ತೆ, ಅದನ್ನ ಹಗ್ಗ ಹಾಕಿ ಎಳೆಯೋವಾಗ ಏಳೋ ಹಬೆ ನೋಡ್ಲೇಬೇಕು. ಆದ್ರೆ ಕೊಜೀದು ಅನ್ನೋ ಆ ಅಡುಗೇಲಿ ದನ, ಹಂದಿ, ಕೋಳಿ ಎಲ್ಲಾ ಒಂದೇ ಪಾತ್ರೇಲಿ, ಕೋಸು ಗೆಣಸು ಮಾತ್ರ ಆರಿಸ್ಕೊಂಡು ತಿಂತೀವಿ ಅಂದ್ರೆ ನಡಿಯಲ್ಲ ಮಾರಾಯ್ರೆ. ವೆಜ್‌ನೋರಿಗೆ ಊರೊಳಗೆ ಬುಗ್ಗೆ ನೀರಲ್ಲಿ ಬೇಯಿಸಿದ ಜೋಳದ ತೆನೆ ಇದೆ, ಗಂಧಕದ ವಾಸನೆಗೆ ಮೂಗು ಮುರೀಬೇಡಿ ಅಷ್ಟೇ. ಅದೇ ಊರಲ್ಲಿರೋ ಟೆರ್ರಾ ನೊಸ್ತ್ರಾ ಪಾರ್ಕಿನ ಬಿಸಿ ಕೊಳದಲ್ಲಿ ಕಬ್ಬಿಣದಂಶ ಜಾಸ್ತಿ, ನೀರು ಥೇಟ್ ಸ್ಟ್ರಾಂಗ್ ಟೀ ಬಣ್ಣ, ತಿಳಿ ಬಣ್ಣದ ಬಟ್ಟೆಗೆ ಹತ್ತಿದ ಕಲೆ ಹೋಗಲ್ಲ, ಹಳೇ ಕಪ್ಪು ಸ್ವಿಮ್‌ಸೂಟ್ ತನ್ನಿ. ಬರೋರು ಇವತ್ತು ರಾತ್ರಿಯೊಳಗೆ ಹೆಸರು ಹಾಕಿ, ವೆಜ್ಜಾ ನಾನ್‌ವೆಜ್ಜಾ ಅಂತಾನೂ ಬರೀರಿ.