ಅಗ್ಗದ ಬಿಯರ್ ಮಾತ್ರ ಏಕೆ ಖಾಲಿ?

ಮಾನ್ಯ ಸಂಪಾದಕರೇ,

ಮದ್ಯದಂಗಡಿಗಳ ಬಗ್ಗೆ ಮೊನ್ನೆ ಬಂದ ವರದಿಯಲ್ಲಿ ಬಿಯರ್ ದಾಸ್ತಾನಿಗೆ ಕೊರತೆಯಿಲ್ಲ ಎಂದಿದೆ. ಶನಿವಾರ ಸಂಜೆ ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಅಗ್ಗದ ಬಿಯರ್ ಕೇಳಿದಾಗ ಸಿಕ್ಕ ಉತ್ತರ ಬೇರೆ: ‘ಅದು ಖಾಲಿ ಆಗ್ಯಾದ್ರಿ, ಲೋಡ್ ಬಂದಿಲ್ಲ. ಬ್ಯಾರೇದು ಒಯ್ರಿ.’ ಬೇರೆಯದಕ್ಕೆ ನಲವತ್ತು ರೂಪಾಯಿ ಹೆಚ್ಚು. ಫ್ರಿಜ್ಜಿನ ಮೇಲಿನ ಹಲಗೆಗಳಲ್ಲಿ ದುಬಾರಿ ಬಾಟಲಿ ಕಿಕ್ಕಿರಿದಿವೆ, ಕೆಳಗಿನ ಹಲಗೆಯಲ್ಲಿ ಅಗ್ಗದ್ದರ ದರಚೀಟಿಯೊಂದೇ ಅಂಟಿಕೊಂಡಿದೆ. ಮುಂದಿನ ಅಂಗಡಿಯಲ್ಲಿ ಇತ್ತು, ಆದರೆ ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು, ಬೆಚ್ಚಗೆ. ವಿಜಯಪುರದ ಬೇಸಿಗೆಯಲ್ಲಿ ಅಂಥ ಬಾಟಲಿ ಮನೆಯ ಫ್ರಿಜ್ಜಿನಲ್ಲಿ ತಣ್ಣಗಾಗಲು ಮೂರು ತಾಸಾದರೂ ಬೇಕು. ಬಕೆಟ್ಟಿನಲ್ಲಿ ಐಸು, ನೀರು, ಎರಡು ಹಿಡಿ ಉಪ್ಪು ಹಾಕಿ ಕುತ್ತಿಗೆವರೆಗೆ ಮುಳುಗಿಸಿದರೆ ಅರ್ಧ ತಾಸು. ಬರೀ ಐಸಿನ ನಡುವೆ ಗಾಳಿ ಉಳಿದು ಬೇಗ ತಣಿಯುವುದಿಲ್ಲ. ಅವಸರಕ್ಕೆ ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ. ಐಸಿನ ಖರ್ಚೂ ಗಿರಾಕಿಯದೇ.

ಖಾಲಿಯಾಗುವ ಕಾರಣ ಗುಟ್ಟೇನಲ್ಲ. ಅಂಗಡಿಯವರು ಮದ್ಯದ ಸಗಟು ಮಾರಾಟ ಮಾಡುವ ಸರ್ಕಾರಿ ಪಾನೀಯ ನಿಗಮಕ್ಕೆ ಮೊದಲೇ ಹಣ ಕಟ್ಟಿ, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ಮಾಲು ಎತ್ತಬೇಕು. 650 ಎಂ.ಎಲ್.ನ 12 ಬಾಟಲಿಯ ಪೆಟ್ಟಿಗೆ ಅಗ್ಗದ್ದಾದರೂ ದುಬಾರಿಯದಾದರೂ ಹಿಡಿಯುವ ಜಾಗ ಒಂದೇ, ಹಮಾಲಿ ಒಂದೇ, ಒಡೆಯುವ ಬಾಟಲಿಯ ನಷ್ಟವೂ ಇದ್ದದ್ದೇ. ಲಾಭ ಮಾತ್ರ ಅಗ್ಗದ್ದರಲ್ಲಿ ಕಡಿಮೆ. ಹೀಗಾಗಿ ಅಗ್ಗದ್ದನ್ನು ನಾಲ್ಕೇ ಪೆಟ್ಟಿಗೆ ತರಿಸುತ್ತಾರೆ, ಕೂಲಿ ಬಟವಡೆ ದಿನ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಕೂಲಿಯವರು ಕೇಳುವುದು ಅದನ್ನೇ ಎಂದು ಗೊತ್ತಿದ್ದೂ ಹೀಗೆ ಮಾಡುತ್ತಾರೆ.

2025ರ ಜನವರಿ 20ರಿಂದ ಸರ್ಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 195 ಅಥವಾ ಲೀಟರಿಗೆ 130 ರೂಪಾಯಿ, ಯಾವುದು ಹೆಚ್ಚೋ ಅದು ಎಂದು ಮಾಡಿದಾಗಲೇ ಅಗ್ಗದ ಬಾಟಲಿಗೆ ಏಟು ಬಿದ್ದಿತ್ತು. 650 ಎಂ.ಎಲ್.ಗೆ ಲೆಕ್ಕ ಹಾಕಿ, ಕನಿಷ್ಠ 84 ರೂಪಾಯಿ 50 ಪೈಸೆ ಆ ಸುಂಕವೊಂದೇ ಆಗಿತ್ತು. ನೂರರ ಬಾಟಲಿ 145 ಆಯಿತು. ಅಷ್ಟು ಕೊಟ್ಟರೂ ಈಗ ಮಾಲಿಲ್ಲ. ಬಿಯರ್ ಸಿಗದವನು 180 ಎಂ.ಎಲ್. ವಿಸ್ಕಿ ಪ್ಯಾಕ್ ಹಿಡಿಯುತ್ತಾನೆ. ಶೇ 42.8ರ ಅದರಲ್ಲಿ 77 ಎಂ.ಎಲ್. ಆಲ್ಕೋಹಾಲ್, ಶೇ 5ರ ದೊಡ್ಡ ಬಿಯರ್ ಬಾಟಲಿಯಲ್ಲಿ ಮೂವತ್ತೆರಡೂವರೆ. ಕುಡಿತ ಕಡಿಮೆ ಮಾಡಿ ಎಂದು ಭಾಷಣ ಬಿಗಿಯುವವರು ಈ ಲೆಕ್ಕ ನೋಡಬೇಡವೇ?

ಎಂಆರ್‌ಪಿ ಮೇಲೆ ‘ಕೂಲಿಂಗ್’ ಅಂತ ಹತ್ತು ರೂಪಾಯಿ ಕೀಳುವುದು ಹಳೆಯ ಚಾಳಿ. ಬಿಲ್ ಕೇಳಿದರೆ ಮುಖ ಸಿಂಡರಿಸುತ್ತಾರೆ. ಬೆಳಗ್ಗೆ ಮಾಲು ಪೆಟ್ಟಿಗೆಗಟ್ಟಲೆ ಟಂಟಂ ಆಟೊ ಹತ್ತಿ ಹಳ್ಳಿಯ ಕಿರಾಣಿ, ಧಾಬಾಗಳಿಗೆ ಹೋಗುವುದು ಓಣಿಯ ಮಕ್ಕಳಿಗೂ ಗೊತ್ತು. ಅಬಕಾರಿ ತಪಾಸಣೆಯವರಿಗೆ ಮಾತ್ರ ವರ್ಷಗಳಿಂದ ಕಾಣುತ್ತಿಲ್ಲ. ತಿಂಗಳ ಪಗಾರ ಎಣಿಸಿಕೊಳ್ಳುವ ಇವರು ಒಂದು ಶನಿವಾರವಾದರೂ ಸಂಜೆ ಹೊತ್ತು ಅಂಗಡಿಗೆ ಬಂದು ದಾಸ್ತಾನು ಪುಸ್ತಕ ತೆರೆದು ನೋಡಲಿ. ಅಗ್ಗದ ಮಾಲು ಇಡಿಸಲಿ, ಇಲ್ಲವೇ ದರಪಟ್ಟಿಯಿಂದ ಅದರ ಹೆಸರನ್ನೇ ಅಳಿಸಲಿ. ಏನಾದರೊಂದು ಮಾಡಲಿ, ಸುಮ್ಮನೆ ಕೂರುವುದನ್ನು ಬಿಡಲಿ.

– ನೊಂದ ಗ್ರಾಹಕ, ವಿಜಯಪುರ