ಕಾಂತಕ್ಷೇತ್ರದ ಗೆರೆ ಕಂಡರೆ ಸಾಲದು, ಬಲವೂ ತಿಳಿಯಬೇಕು

ಮಾನ್ಯ ಸಂಪಾದಕರೇ,

ನಕ್ಷತ್ರಗಳು ಹುಟ್ಟುವ ಆಣ್ವಿಕ ಮೋಡಗಳ (ತಣ್ಣನೆಯ ಅನಿಲ, ದೂಳಿನ ರಾಶಿಗಳ) ಚಿತ್ರದ ಮೇಲೆ ಗೆರೆಗಳನ್ನೆಳೆದು, ‘ಕಾಂತಕ್ಷೇತ್ರವೇ ಮೋಡವನ್ನು ಕುಸಿಯದಂತೆ ಹಿಡಿದಿದೆ’ ಎಂದು ಅಡಿಬರಹ ಕೊಡುವುದು ವಿಜ್ಞಾನ ಪುಟಗಳಲ್ಲಿ ರೂಢಿಯಾಗಿದೆ. ಬೆಳಕಿನ ಧ್ರುವೀಕರಣವನ್ನು (ಬೆಳಕಿನ ತರಂಗ ಯಾವ ಓರೆಯಲ್ಲಿ ಕಂಪಿಸುತ್ತದೆ ಎಂಬುದನ್ನು) ಅಳೆದು ಎಳೆಯುವ ಆ ಗೆರೆಗಳಿಂದ ತಿಳಿಯುವುದು ಕ್ಷೇತ್ರದ ಓರೆ ಮಾತ್ರ. ಬಾಣದ ತುದಿ ಯಾವ ಕಡೆಗಿದೆ ಎಂಬುದು ಸಹ ಅವುಗಳಲ್ಲಿಲ್ಲ. ಬಲವಂತೂ ಇಲ್ಲವೇ ಇಲ್ಲ.

ಮೋಡದಲ್ಲಿನ ದೂಳಿನ ಕಣಗಳು ಪೂರ್ತಿ ಗುಂಡಗಿಲ್ಲ. ಬೆಳಕಿನ ಒತ್ತಡಕ್ಕೆ ಗಿರಗಿರನೆ ತಿರುಗುತ್ತಾ ತಮ್ಮ ಗಿಡ್ಡ ಅಕ್ಷವನ್ನು ಕಾಂತಕ್ಷೇತ್ರದ ಗುಂಟ ಹೊಂದಿಸಿಕೊಳ್ಳುತ್ತವೆ. ಹಾಗಾಗಿ 850 ಮೈಕ್ರೋಮೀಟರ್ ತರಂಗಾಂತರದಲ್ಲಿ ದೂಳು ತಾನೇ ಹೊಮ್ಮಿಸುವ ವಿಕಿರಣದ ಧ್ರುವೀಕರಣ ಕ್ಷೇತ್ರಕ್ಕೆ ಅಡ್ಡಲಾಗಿರುತ್ತದೆ. ಗೆರೆಯನ್ನು 90 ಡಿಗ್ರಿ ತಿರುಗಿಸಬೇಕು. ದೂಳನ್ನು ಹಾದುಬಂದ ನಕ್ಷತ್ರದ ಬೆಳಕಿಗಾದರೆ (ಹಿಲ್ಟ್ನರ್ ಮತ್ತು ಹಾಲ್ 1949ರಲ್ಲಿ ಕಂಡದ್ದು ಇದನ್ನೇ) ತಿರುಗಿಸಬಾರದು. ಇನ್ನು ಮೋಡದ ದಟ್ಟ ನಡುಭಾಗದಲ್ಲಿ ಧ್ರುವೀಕರಣ ಕುಗ್ಗುತ್ತದೆ. ಅಲ್ಲಿಗೆ ಬೆಳಕು ತಲುಪದೆ ಕಣಗಳು ಸಾಲುಗೂಡುವುದಿಲ್ಲ, ಇಲ್ಲವೇ ಒಳಗೆ ತಿರುಚಿಕೊಂಡ ಕ್ಷೇತ್ರದ ಭಾಗಗಳು ಒಂದನ್ನೊಂದು ಅಳಿಸಿಹಾಕುತ್ತವೆ. ನಡುವೆ ಗೆರೆ ಇಲ್ಲವೆಂದು ಕ್ಷೇತ್ರವೂ ಇಲ್ಲ ಎನ್ನುವಂತಿಲ್ಲ.

ಬಲದ ಲೆಕ್ಕಕ್ಕೆ ಹೆಚ್ಚು ಬಳಕೆಯಾಗುವುದು ಡೇವಿಸ್ 1951ರಲ್ಲಿ, ಚಂದ್ರಶೇಖರ್ ಮತ್ತು ಫರ್ಮಿ 1953ರಲ್ಲಿ ಮುಂದಿಟ್ಟ ವಿಧಾನ. ಕ್ಷೇತ್ರ ಬಿಗಿಯಾಗಿದ್ದರೆ ಅನಿಲದ ಕಲಕಾಟಕ್ಕೆ ಗೆರೆಗಳು ಜಗ್ಗುವುದಿಲ್ಲ, ಸಡಿಲವಾಗಿದ್ದರೆ ಚದುರುತ್ತವೆ. ಒಂದು ಘನ ಸೆಂಟಿಮೀಟರಿನಲ್ಲಿರುವ ಹೈಡ್ರೋಜನ್ ಅಣುಗಳ ಸಂಖ್ಯೆಯ ವರ್ಗಮೂಲವನ್ನು 9.3ರಿಂದಲೂ, ಸೆಕೆಂಡಿಗೆ ಕಿ.ಮೀ. ಲೆಕ್ಕದಲ್ಲಿರುವ ರೋಹಿತ ರೇಖೆಯ ಅಗಲದಿಂದಲೂ (ಅನಿಲದ ಕಲಕಾಟದ ವೇಗ ತೋರುವುದು ಇದೇ) ಗುಣಿಸಿ, ಗೆರೆಗಳು ಎಷ್ಟು ಡಿಗ್ರಿ ಚದುರಿವೆಯೋ ಅದರಿಂದ ಭಾಗಿಸಿದರೆ ಮೈಕ್ರೋಗಾಸ್‌ನಲ್ಲಿ (ಕಾಂತಕ್ಷೇತ್ರದ ಬಲದ ಮಾನವಾದ ಗಾಸ್‌ನ ಹತ್ತು ಲಕ್ಷದಲ್ಲೊಂದು ಭಾಗ) ಉತ್ತರ ಸಿಗುತ್ತದೆ. 10,000 ಅಣು, 1 ಕಿ.ಮೀ. ಅಗಲ, 10 ಡಿಗ್ರಿ ಚದುರುವಿಕೆ ಇದ್ದರೆ 93 ಮೈಕ್ರೋಗಾಸ್. ನಮ್ಮ ನೋಟದ ನೇರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 10ರ 22ನೇ ಘಾತದಷ್ಟು ಅಣುಗಳಿದ್ದರೆ, ಈ ಬಲಕ್ಕೆ ದ್ರವ್ಯರಾಶಿ ಮತ್ತು ಕಾಂತ ಅಭಿವಾಹದ (ಮೋಡವನ್ನು ಹಾಯುವ ಒಟ್ಟು ಕಾಂತಕ್ಷೇತ್ರದ) ಅನುಪಾತ, ಕುಸಿತದ ಅಂಚಿನಲ್ಲಿ ಅದಕ್ಕಿರುವ ಬೆಲೆಯನ್ನು 1 ಎಂದಿಟ್ಟುಕೊಂಡರೆ, ಸುಮಾರು 0.8. ಅದು 1ಕ್ಕಿಂತ ಕಡಿಮೆಯಾದ್ದರಿಂದ ಕ್ಷೇತ್ರ ಮೋಡವನ್ನು ಹಿಡಿದಿಡಬಲ್ಲದು. ಚದುರುವಿಕೆ 20 ಡಿಗ್ರಿ ಎಂದಿಟ್ಟುಕೊಳ್ಳಿ: ಬಲ 46ಕ್ಕೆ ಇಳಿದು ಅನುಪಾತ 1.6ಕ್ಕೆ ಏರುತ್ತದೆ, ಗುರುತ್ವ ಗೆಲ್ಲುತ್ತದೆ. ಮೋಡ ಅದೇ, ತೀರ್ಪು ಮಾತ್ರ ತಿರುವುಮುರುವು.

ಈ ಚದುರುವಿಕೆಯನ್ನು ಅಳೆಯುವಲ್ಲೇ ತಪ್ಪುಗಳು ನುಸುಳುತ್ತವೆ. ದೂರದರ್ಶಕದ ನೋಟ ಒರಟಾಗಿದ್ದರೆ ಸಣ್ಣ ತಿರುವುಗಳು ಸರಾಸರಿಯಲ್ಲಿ ಅಳಿಸಿಹೋಗಿ ಬಲ ಹೆಚ್ಚೆಂದು ತೋರುತ್ತದೆ. ಕ್ಷೇತ್ರದ ಸಹಜ ಬಾಗನ್ನೂ ಕಲಕಾಟವೆಂದು ಎಣಿಸಿದರೆ ಬಲ ಕಡಿಮೆ ಬರುತ್ತದೆ. 25 ಡಿಗ್ರಿ ಮೀರಿದರೆ ಸೂತ್ರವನ್ನೇ ನಂಬುವಂತಿಲ್ಲ. ದಟ್ಟ ಭಾಗದ ದೂಳಿಗೆ ಹೊರಪದರದ ಕಾರ್ಬನ್ ಮಾನಾಕ್ಸೈಡ್ ರೇಖೆಯ ಅಗಲವನ್ನು ಜೋಡಿಸುವುದು ಇನ್ನೊಂದು ಎಡವಟ್ಟು.

ಬಲವನ್ನು ನೇರವಾಗಿ ಅಳೆಯುವುದು ಝೀಮನ್ ಪರಿಣಾಮವೊಂದೇ (ಕಾಂತಕ್ಷೇತ್ರದಲ್ಲಿ ರೋಹಿತ ರೇಖೆ ಸೀಳುವುದು), ಅದೂ ನಮ್ಮ ನೋಟದ ನೇರಕ್ಕಿರುವ ಅಂಶವನ್ನಷ್ಟೆ. ಹೈಡ್ರಾಕ್ಸಿಲ್‌ನ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಅಣು) 1667 ಮೆಗಾಹರ್ಟ್ಸ್ ರೇಖೆ 10 ಮೈಕ್ರೋಗಾಸ್ ಕ್ಷೇತ್ರದಲ್ಲಿ ಸೀಳುವುದು ಸುಮಾರು 20 ಹರ್ಟ್ಸ್; ರೇಖೆಯ ಅಗಲವೋ, ಸೆಕೆಂಡಿಗೆ ಅರ್ಧ ಕಿ.ಮೀ. ವೇಗಕ್ಕೇ ಸುಮಾರು 2,800 ಹರ್ಟ್ಸ್! ಎಡಕ್ಕೂ ಬಲಕ್ಕೂ ಸುತ್ತುವ ವೃತ್ತೀಯ ಧ್ರುವೀಕರಣಗಳನ್ನು ಒಂದರಿಂದೊಂದು ಕಳೆದು ಈ ಸೀಳನ್ನು ಹುಡುಕಬೇಕು. ಆ ಎರಡೂ ಆಕಾಶದ ಒಂದೇ ಬಿಂದುವನ್ನು ನೋಡದಿದ್ದರೆ ಮೋಡದ ವೇಗ ವ್ಯತ್ಯಾಸವೇ ಕಾಂತಕ್ಷೇತ್ರದ ವೇಷ ಹಾಕುತ್ತದೆ. ಇದಕ್ಕೊಂದು ಸೊಗಸಾದ ತಪಾಸಣೆಯಿದೆ: ಅದೇ ಅಣುವಿನ 1665 ಮೆಗಾಹರ್ಟ್ಸ್ ರೇಖೆಯನ್ನೂ ಅಳೆಯಿರಿ. ನಿಜವಾದ ಸೀಳು ಅಲ್ಲಿ 1.67 ಪಟ್ಟು ಹೆಚ್ಚಿರುತ್ತದೆ, ವೇಗದಿಂದ ಬಂದದ್ದಾದರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚೀನಾದ ಫಾಸ್ಟ್ ರೇಡಿಯೋ ದೂರದರ್ಶಕ ಪರಮಾಣು ಹೈಡ್ರೋಜನ್ನಿನ ಕಿರಿದಾದ ಹೀರಿಕೆ ರೇಖೆಯಲ್ಲಿ ಝೀಮನ್ ಸೀಳನ್ನು ಹಿಡಿದು, ವೃಷಭ ರಾಶಿಯ ಎಲ್1544 ಮೋಡದ ಹೊರಭಾಗದಲ್ಲಿ ಸುಮಾರು 4 ಮೈಕ್ರೋಗಾಸ್ ಎಂದು 2022ರಲ್ಲಿ ವರದಿಯಾಯಿತು. ಮೋಡವನ್ನು ಹಿಡಿದು ನಿಲ್ಲಿಸಲು ಅದು ಸಾಲದು.

ಆದ್ದರಿಂದ ಇಂಥ ಚಿತ್ರ ಅಚ್ಚಾದಾಗ ತರಂಗಾಂತರ ಎಷ್ಟು, ಗೆರೆಯನ್ನು ತಿರುಗಿಸಲಾಗಿದೆಯೇ, ಬಲದ ಅಂಕಿ ಯಾವ ವಿಧಾನದ್ದು, ಅದರ ಏರುಪೇರು ಎಷ್ಟು ಎಂಬುದನ್ನು ಅಡಿಬರಹದಲ್ಲಿ ಕೊಡಬೇಕೆಂದು ಕೋರುತ್ತೇವೆ. ಎರಡು ಸಾಲಿನ ಜಾಗ ಸಾಕು.

ಇತಿ,
ಕೆಲವು ಓದುಗರು