ಶುಕ್ರವಾರ ರಾತ್ರಿ ಹತ್ತಕ್ಕೆ ಫೋನ್ ಮಾಡಬೇಡಿ

ಕೇಂಬ್ರಿಜ್
ಫೆಬ್ರವರಿ, ಭಾನುವಾರ

ರೀ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಗೆ ಶೀತ ಇತ್ತು, ಈಗ ಇಲ್ಲ. ಕೊನೆಕೊಯ್ಲು ಮುಗಿಯಿತು ಅಂತ ಮಗಳು ಹೇಳಿದಳು. ಬೇಯಿಸಿದ ಅಡಿಕೆ ಒಣಗಿತಾ? ಅತ್ತೆಗೆ ಕಾಲುನೋವಿನ ಎಣ್ಣೆ ಬಿಸಿ ಮಾಡಿಯೇ ಹಚ್ಚಬೇಕು, ಸುಮ್ನೆ ಹಚ್ಚಿದರೆ ಏನೂ ಪ್ರಯೋಜನ ಇಲ್ಲ.

ಶುಕ್ರವಾರ ಫೋನ್ ಎತ್ತೋದಿಲ್ಲ ಅಂತ ನಿಮಗೆ ಕೋಪ ಬಂದಿದೆಯಂತೆ. ನಿಮಗೆ ರಾತ್ರಿ ಹತ್ತು ಅಂದರೆ ನನಗೆ ಸಂಜೆ ನಾಲ್ಕೂವರೆ, ಸರಿಯಾಗಿ ಅದೇ ಹೊತ್ತಿಗೆ ನಾನು ಎರಡು ಸ್ವೆಟರ್, ಒಂದು ಕೋಟು, ಮಂಕಿಕ್ಯಾಪು ಎಲ್ಲ ಏರಿಸಿಕೊಂಡು ಹೊರಟಿರುತ್ತೇನೆ. ಎಲ್ಲಿಗೆ ಅಂತ ಫೋನಿನಲ್ಲಿ ಹೇಳೋಕೆ ಹೋದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆಗೂ ಓದಿ ಹೇಳಿ.

ಉಪನ್ಯಾಸ ಕೇಳೋಕೆ ಹೋಗುತ್ತೇನೆ. ನಗಬೇಡಿ.

ಇಲ್ಲಿ ಡಾರ್ವಿನ್ ಕಾಲೇಜು ಅಂತ ಒಂದಿದೆ, ನದಿ ಪಕ್ಕದಲ್ಲೇ, ಚಾರ್ಲ್ಸ್ ಡಾರ್ವಿನ್ ಮಗನ ಮನೆತನದವರು ಇದ್ದ ಹಳೇ ಮನೆಯನ್ನು ಸೇರಿಸಿಕೊಂಡು 1964ರಲ್ಲಿ ಶುರುವಾದದ್ದು. ಆ ಕಾಲೇಜಿನವರು 1986ರಿಂದ ಒಂದು ಉಪನ್ಯಾಸ ಮಾಲೆ ನಡೆಸುತ್ತಾ ಬಂದಿದ್ದಾರೆ. ಜನವರಿಯಿಂದ ಮಾರ್ಚ್‌ವರೆಗೆ, ಎಂಟು ಶುಕ್ರವಾರ, ಸಂಜೆ ಐದೂವರೆಗೆ. ವರ್ಷಕ್ಕೆ ಒಂದೇ ಮಾತು ಇಟ್ಟುಕೊಳ್ಳುತ್ತಾರೆ. ಒಂದು ವರ್ಷ ಬಣ್ಣ, ಒಂದು ವರ್ಷ ನೆನಪು, ಇನ್ನೊಂದು ವರ್ಷ ವಲಸೆ, ಹೀಗೆ. ಆ ಒಂದು ಮಾತಿನ ಮೇಲೆ ಎಂಟು ಜನ ಎಂಟು ಕಡೆಯಿಂದ ಬಂದು ಮಾತಾಡುತ್ತಾರೆ, ಈ ವಾರ ಡಾಕ್ಟರಾದರೆ ಮುಂದಿನ ವಾರ ಚರಿತ್ರೆಯವರು, ಆಮೇಲೆ ಸಂಗೀತಗಾರರು. ಒಂಥರಾ ನಮ್ಮ ತಾಳಮದ್ದಳೆ ಇದ್ದ ಹಾಗೆ, ಪ್ರಸಂಗ ಒಂದೇ, ಅರ್ಥ ಹೇಳುವವರು ಬೇರೆ ಬೇರೆ. ಆದರೆ ಇವರು ಒಬ್ಬರಿಗೊಬ್ಬರು ಜಗಳ ಆಡೋದಿಲ್ಲ, ಅಷ್ಟು ಮಜಾ ಕಡಿಮೆ.

ದುಡ್ಡು ಎಷ್ಟು ಅಂತ ನೀವು ಕೇಳೇ ಕೇಳುತ್ತೀರಿ. ಒಂದು ಪೈಸೆ ಇಲ್ಲ. ಟಿಕೆಟ್ ಇಲ್ಲ, ಮೊದಲು ಬಂದವರಿಗೆ ಮೊದಲ ಕುರ್ಚಿ. ಮೊದಲ ಸಲ ಹೋದಾಗ ನಾನು ಪರ್ಸಿನಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗಿದ್ದೆ, ಬಾಗಿಲಲ್ಲಿ ಯಾರಾದರೂ ನೀವು ಯಾರು, ಯಾವ ಡಿಪಾರ್ಟ್‌ಮೆಂಟು ಅಂತ ಕೇಳಿದರೆ ಏನು ಹೇಳೋದು ಅಂತ ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಉರು ಹೊಡೆದಿದ್ದೆ. ಯಾರೂ ಕೇಳಲಿಲ್ಲ. ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ, ಒಳಗೆ ಹೋಗಿ ಅಂತ ಕೈ ತೋರಿಸಿದ, ಅಷ್ಟೇ. ನನಗೆ ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೇ ಆಯಿತು, ಅಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದೆ.

ಒಳಗೆ ನೋಡಿದರೆ ಅರ್ಧಕ್ಕರ್ಧ ತಲೆ ಬೆಳ್ಳಗೆ. ನನಗಿಂತ ವಯಸ್ಸಾದವರೇ ಜಾಸ್ತಿ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಕಾಲಬುಡದಲ್ಲಿ ತರಕಾರಿ ಚೀಲ, ಅದರಿಂದ ಈರುಳ್ಳಿ ಜಾತಿಯ ಒಂದು ಉದ್ದನೆ ಸೊಪ್ಪು ಹೊರಗೆ ಚಾಚಿಕೊಂಡಿತ್ತು. ಸಂತೆ ಮುಗಿಸಿ ಹಾಗೇ ಬಂದಿದ್ದಾರೆ! ಸಭಾಂಗಣ ತುಂಬಿಹೋದರೆ ಪಕ್ಕದ ಕೋಣೆಯಲ್ಲಿ ಪರದೆ ಹಾಕಿ ತೋರಿಸುತ್ತಾರೆ. ನಾನು ಪರದೆ ನೋಡೋಕೆ ತಯಾರಿಲ್ಲ, ಅದಕ್ಕೇ ನಾಲ್ಕೂವರೆಗೇ ಮನೆ ಬಿಡೋದು. ಮಗಳು ಹೇಳುತ್ತಾಳೆ, ಅಮ್ಮಾ, ಇದೆಲ್ಲ ಆಮೇಲೆ ವಿಡಿಯೋದಲ್ಲಿ ಬರುತ್ತೆ, ಈ ಚಳಿಯಲ್ಲಿ ಯಾಕೆ ಹೋಗ್ತೀಯ, ಮನೇಲೇ ಕೂತು ನೋಡು ಅಂತ. ಮನೇಲಿ ಕೂತರೆ ಕುಕ್ಕರ್ ಕೂಗುತ್ತೆ, ಪುಟ್ಟಿ ಅಳುತ್ತೆ, ನಾನು ಎದ್ದು ಹೋಗುತ್ತೇನೆ. ಅವಳಿಗೆ ಇದು ಅರ್ಥವಾಗೋಕೆ ಇನ್ನೂ ಮೂವತ್ತು ವರ್ಷ ಬೇಕು.

ಎಲ್ಲ ಅರ್ಥವಾಗುತ್ತಾ ಅಂದರೆ, ಇಲ್ಲ. ಮೊದಲ ವಾರ ಅರ್ಧ ತಿಳಿಯಿತು, ಎರಡನೇ ವಾರ ಕಾಲು ಭಾಗ, ಅದು ನನ್ನ ತಪ್ಪಲ್ಲ, ಆ ಮನುಷ್ಯ ಬಾಯೇ ತೆರೆಯದೆ ಮಾತಾಡಿದರು. ಮೂರನೇ ವಾರ ಮಾತ್ರ ಒಬ್ಬ ಹೆಂಗಸು ಬಂದಿದ್ದರು, ಕೈಯಲ್ಲಿ ಚೀಟಿ ಕೂಡ ಇಲ್ಲದೆ ಒಂದು ಗಂಟೆ ಮಾತಾಡಿದರು, ನನಗೆ ಒಂದು ಸಲವೂ ಗಡಿಯಾರ ನೋಡಬೇಕು ಅನ್ನಿಸಲಿಲ್ಲ. 33 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು, ದಿನಕ್ಕೆ ಐದು ಪೀರಿಯಡ್ ಮಾತಾಡಿದ್ದೇ ಮಾತಾಡಿದ್ದು. ಸುಮ್ನೆ ಕೂತು ಇನ್ನೊಬ್ಬರ ಮಾತು ಕೇಳಿದ್ದು ಯಾವಾಗ ಅಂತ ಲೆಕ್ಕ ಹಾಕಿದೆ. ಟ್ರೇನಿಂಗ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಎಲ್ಲರೂ ಊಟದ ಗಂಟೆ ಕಾಯುತ್ತಿರುತ್ತಾರೆ.

ಈಗ ಒಂದು ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದ, ಆದರೆ ಓದಿ. ಈ ಸಭಾಂಗಣ ಇರುವ ರಸ್ತೆಯ ಹೆಸರು ಸಿಜ್‌ವಿಕ್ ಅವೆನ್ಯೂ. ಪಕ್ಕದಲ್ಲೇ ನ್ಯೂನಮ್ ಕಾಲೇಜು, ಹೆಂಗಸರದ್ದು. ಕೆಂಪು ಇಟ್ಟಿಗೆ, ಬಿಳಿ ಕಿಟಕಿ, ನೋಡೋಕೆ ಚೆಂದ. ಆ ಕಾಲೇಜು ಹುಟ್ಟಿದ್ದೇ ಉಪನ್ಯಾಸದಿಂದ ಅಂತ ಗೊತ್ತಾ ನಿಮಗೆ? 1870ರಲ್ಲಿ ಹೆಂಗಸರಿಗಾಗಿ ಇಲ್ಲಿ ಉಪನ್ಯಾಸ ಶುರು ಮಾಡಿದರು. ಊರಿನವರು ಬಂದು ಕೇಳಿ ಮನೆಗೆ ಹೋಗುತ್ತಿದ್ದರು. ದೂರದ ಊರಿನವರು? ಅವರು ಉಳಿಯೋದು ಎಲ್ಲಿ? ಆಗ ಹೆನ್ರಿ ಸಿಜ್‌ವಿಕ್ ಅನ್ನೋ ಮೇಷ್ಟ್ರು 1871ರಲ್ಲಿ ರೀಜೆಂಟ್ ಸ್ಟ್ರೀಟಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದರು. ಆನ್ ಕ್ಲಫ್ ಅನ್ನುವವರು ಮನೆಯೊಡತಿ, ಐದು ಜನ ಹುಡುಗಿಯರು. ಅಷ್ಟೇ. ಅದೇ ಬೆಳೆದು ಕಾಲೇಜಾಯಿತು. ಆದರೂ ಡಿಗ್ರಿ ಕೊಡಲಿಲ್ಲ ನೋಡಿ. 1897ರಲ್ಲಿ ಕೊಡಬೇಕಾ ಬೇಡವಾ ಅಂತ ಮತ ಹಾಕಿಸಿದರು, ಆ ದಿನ ಗಂಡುಹುಡುಗರು ಸೈಕಲ್ ಮೇಲೆ ಕೂತ ಹೆಂಗಸಿನ ಬೊಂಬೆ ಮಾಡಿ ಬೀದಿಯ ಮೇಲೆ ನೇತುಹಾಕಿದ್ದರಂತೆ. ಬೇಡ ಅಂತಲೇ ಆಯಿತು. ಪೂರ್ತಿ ಡಿಗ್ರಿ ಸಿಕ್ಕಿದ್ದು 1948ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ಮೇಲೆ, ರೀ! ನಿಮ್ಮ ಮಗಳು ಈಗ ಅದೇ ಬೀದಿಯಲ್ಲಿ ದಿನಾ ಸೈಕಲ್ ಹೊಡೆಯುತ್ತಾಳೆ.

ಇನ್ನೊಬ್ಬರು ಜೇಮ್ಸ್ ಸ್ಟುವರ್ಟ್. 1867ರಲ್ಲಿ ಇಂಗ್ಲೆಂಡಿನ ಉತ್ತರದ ಊರುಗಳಿಗೆ ಹೋಗಿ ಹೆಂಗಸರಿಗೆ ಖಗೋಳದ ಪಾಠ ಹೇಳಿದವರು. ವಯಸ್ಸಿನ ಹುಡುಗ, ಕೇಳುವವರೆಲ್ಲ ಹೆಂಗಸರು, ಬಾಯಿ ಬಿಟ್ಟು ಪ್ರಶ್ನೆ ಕೇಳೋದು ಉತ್ತರ ಕೊಡೋದು ಚೆನ್ನಾಗಿರೋದಿಲ್ಲ ಅಂತ ಪ್ರಶ್ನೆಗಳನ್ನೆಲ್ಲ ಅಚ್ಚು ಮಾಡಿ ಹಂಚಿದರಂತೆ, ಅವರು ಮನೆಯಲ್ಲಿ ಉತ್ತರ ಬರೆದು ಅಂಚೆಗೆ ಹಾಕಬೇಕು. ಆಮೇಲೆ ಈ ಸ್ಟುವರ್ಟ್ ಅವರ ಒತ್ತಾಯದ ಮೇಲೆ 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವೇ ಊರೂರಿಗೆ ಮೇಷ್ಟ್ರನ್ನು ಕಳಿಸೋಕೆ ಶುರು ಮಾಡಿತು. ಇದನ್ನು ಓದಿದಾಗ ನನಗೆ ಅಪ್ಪ ನೆನಪಾದರು. ಮೈಸೂರು ವಿಶ್ವವಿದ್ಯಾಲಯದ ಪ್ರೊಫೆಸರುಗಳು ಹಳ್ಳಿಗಳಿಗೆ ಬಂದು ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು, ಆಮೇಲೆ ಅದೇ ಸಣ್ಣ ಪುಸ್ತಕವಾಗಿ ಕೆಲವೇ ಆಣೆಗೆ ಸಿಗುತ್ತಿತ್ತು ಅಂತ ಅಪ್ಪ ಎಷ್ಟು ಸಲ ಹೇಳಿಲ್ಲ. ಆ ಪುಸ್ತಕಗಳು ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯಲ್ಲಿವೆ. ಗೆದ್ದಲು ಹತ್ತಿದೆಯಾ ಒಮ್ಮೆ ನೋಡಿ, ದಯವಿಟ್ಟು.

ಸರಿ, ಆ ಬಾಡಿಗೆ ಮನೆಯ ಐದು ಹುಡುಗಿಯರ ಕಥೆ ಯಾಕೆ ಹೇಳಿದೆ ಅಂದರೆ. ನಾನು ಮೈಸೂರಿನಲ್ಲಿ ಬಿಎಸ್ಸಿ ಓದುವಾಗ ಊರಲ್ಲಿ ಎಷ್ಟು ಸಂಜೆ ಉಪನ್ಯಾಸ ಇರುತ್ತಿತ್ತು! ಗೋಡೆ ಮೇಲೆ ಪೋಸ್ಟರ್ ಓದುತ್ತಿದ್ದೆ, ಹೆಸರುಗಳೆಲ್ಲ ಇನ್ನೂ ನೆನಪಿವೆ. ಹಾಸ್ಟೆಲ್ ಗೇಟು ಆರಕ್ಕೆ ಮುಚ್ಚುತ್ತಿತ್ತು. ಉಪನ್ಯಾಸ ಶುರುವಾಗುತ್ತಿದ್ದದ್ದು ಆರಕ್ಕೆ. ಮೂರು ವರ್ಷದಲ್ಲಿ ಒಂದಕ್ಕೂ ಹೋಗಲಿಲ್ಲ. ನಮ್ಮ ಅಣ್ಣ ಬಸವನಗುಡಿಯಲ್ಲಿ ರೂಮು ಮಾಡಿಕೊಂಡು, ಬುಧವಾರ ಬುಧವಾರ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸ ಕೇಳಿ ಬಂದು (ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ್ದು, ಅಲ್ಲೂ ಯಾರಿಗೂ ಕಾಸು ಇಲ್ಲ) ಕಾರ್ಡಿನಲ್ಲಿ ನನಗೆ ನಾಲ್ಕು ಸಾಲು ಬರೆಯುತ್ತಿದ್ದ. ನಾಲ್ಕೇ ಸಾಲು. ಆಮೇಲೆ ಮದುವೆಯಾಗಿ ಹೆಗ್ಗೋಡಿನ ಪಕ್ಕಕ್ಕೇ ಬಂದೆನಲ್ಲ, ನನ್ನ ಅದೃಷ್ಟ ಅಂತ ಎಲ್ಲರೂ ಅಂದರು. ನೀನಾಸಂ ಶಿಬಿರ ಬಂದರೆ ನೀವು ಹತ್ತು ಗಂಟೆಗೆಲ್ಲ ಹೋಗಿ ಕೂರುತ್ತಿದ್ದಿರಿ, ಮೈಸೂರು ಧಾರವಾಡದ ನಿಮ್ಮ ಸ್ನೇಹಿತರು ನಮ್ಮ ಮನೆಯಲ್ಲೇ ಉಳಿಯುತ್ತಿದ್ದರು, ರಾತ್ರಿ ಜಗುಲಿಯಲ್ಲಿ ಚರ್ಚೆ, ನಾನು ಅಡುಗೆಮನೆಯಲ್ಲಿ ಮರುದಿನದ ದೋಸೆಗೆ ರುಬ್ಬುತ್ತಾ ಗ್ರೈಂಡರ್ ನಿಂತಾಗ ಕೇಳಿಸಿದಷ್ಟು ಕೇಳಿಸಿಕೊಳ್ಳುತ್ತಿದ್ದೆ. ಇದು ಜಗಳಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಗಳಕ್ಕೂ ಹೇಳುತ್ತಿದ್ದೇನೆ. (ಈ ಭಾಗ ಅತ್ತೆಗೆ ಓದಬೇಡಿ.)

ಬುಧವಾರದ್ದೂ ಒಂದಿದೆ. ಮ್ಯಾಡಿಂಗ್ಲಿ ರಸ್ತೆಯಲ್ಲಿ ಖಗೋಳ ವಿಜ್ಞಾನದ ಸಂಸ್ಥೆ, ಚಳಿಗಾಲದ ಬುಧವಾರ ರಾತ್ರಿ ಏಳೂಕಾಲಕ್ಕೆ ಯಾರು ಬೇಕಾದರೂ ಬರಬಹುದು. ಅರ್ಧ ಗಂಟೆ ಮಾತು, ಆಮೇಲೆ ಮೋಡ ಇಲ್ಲದಿದ್ದರೆ ದೂರದರ್ಶಕದಲ್ಲಿ ನೋಡೋದು. ಮೋಡ ಇಲ್ಲದಿದ್ದರೆ ಅನ್ನೋದೇ ಇಲ್ಲಿ ದೊಡ್ಡ ಮಾತು. ಮೂರು ಬುಧವಾರ ಬರೀ ಮೋಡ, ಅಳಿಯ ಕಾರಿನಲ್ಲಿ ಕರೆದುಕೊಂಡು ಹೋಗಿ ವಾಪಸ್ಸು ಕರೆತಂದ, ಪಾಪ ಏನೂ ಅನ್ನಲಿಲ್ಲ. ನಾಲ್ಕನೇ ಬುಧವಾರ ಬಾನು ತೊಳೆದಿಟ್ಟ ಹಾಗಿತ್ತು.

ಅಲ್ಲೊಂದು ಹಳೇ ದೂರದರ್ಶಕ ಇದೆ, 1830ರ ದಶಕದ್ದು, ನಾರ್ಥಂಬರ್ಲೆಂಡ್ ಅಂತ ಹೆಸರು, ಅದನ್ನು ಕೊಟ್ಟ ದೊರೆಯ ಹೆಸರೇ ಅದಕ್ಕೆ. 1846ರಲ್ಲಿ ಜೇಮ್ಸ್ ಚಾಲಿಸ್ ಅನ್ನುವವರು ಇದರಲ್ಲೇ ಹೊಸ ಗ್ರಹ ಹುಡುಕುತ್ತಿದ್ದರು. ಆಗಸ್ಟ್‌ನಲ್ಲಿ ಎರಡು ಸಲ ನೆಪ್ಚೂನ್ ಕಂಡಿದೆ, ಬರೆದೂ ಇಟ್ಟುಕೊಂಡಿದ್ದಾರೆ, ಗ್ರಹ ಅಂತ ಗೊತ್ತಾಗಿಲ್ಲ! ಹಿಂದಿನ ಪಟ್ಟಿಗೆ ಹೋಲಿಸಿ ನೋಡೋದು ನಾಳೆ ಮಾಡೋಣ ಅಂತ ಬಿಟ್ಟರು. ಸೆಪ್ಟೆಂಬರ್ 23ಕ್ಕೆ ಬರ್ಲಿನ್‌ನವರು ಕಂಡುಹಿಡಿದುಬಿಟ್ಟರು. ಹೋದ ವರ್ಷ ನೀವು ಸೊಸೈಟಿ ಪಾಸ್‌ಬುಕ್ ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಹುಡುಕಿಸಿದಿರಲ್ಲ, ಆ ಥರ. ನಾನು ನೆಪ್ಚೂನ್ ಪಾಠ ಎಷ್ಟು ವರ್ಷ ಮಾಡಿದ್ದೇನೆ, ಈ ಕಥೆ ಗೊತ್ತಿದ್ದರೆ ಮಕ್ಕಳು ಎಷ್ಟು ನಗುತ್ತಿದ್ದರು.

ಅವತ್ತು ತೋರಿಸಿದ್ದು ಮಹಾವ್ಯಾಧನ (ಇವರು ಓರಿಯನ್ ಅನ್ನುವ ನಕ್ಷತ್ರಪುಂಜ) ಕತ್ತಿಯಲ್ಲಿರುವ ನೀಹಾರಿಕೆ, ಅನಿಲ ಧೂಳಿನ ಮೋಡ. ನಮ್ಮ ಅಂಗಳದಲ್ಲಿ ಮಹಾವ್ಯಾಧ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಾನೆ, ಇಲ್ಲಿ ದಕ್ಷಿಣಕ್ಕೆ ವಾಲಿಕೊಂಡು ಮರದ ಕೊಂಬೆಯ ಮೇಲೆ ಕಾಲಿಟ್ಟ ಹಾಗೆ ನಿಂತಿದ್ದ. ಅವನ ಭುಜದಲ್ಲಿ ಕೆಂಪಗೆ ಆರಿದ್ರಾ, ನಮ್ಮ ಆರಿದ್ರಾ ಮಳೆಯದ್ದೇ. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾಗಿ ಇನ್ನೇನು ಸಿಡಿಯುತ್ತದೆ ಅಂತ ಗಲಾಟೆಯಾಗಿತ್ತು, ನೆನಪಿದೆಯಾ? ಅದೇ ಉಗುಳಿದ ಧೂಳು ಅಡ್ಡ ಬಂದಿತ್ತಂತೆ. ನೀಹಾರಿಕೆ ನೋಡಿದರೆ ಬಣ್ಣವೇ ಇಲ್ಲ, ಬೂದಿ ಊದಿದ ಹಾಗೆ. ಚಿತ್ರದಲ್ಲಿ ಗುಲಾಬಿ ಇರುತ್ತದಲ್ಲ ಅಂತ ನಾನು ಬಾಯಿ ಬಿಟ್ಟು ಕೇಳಿಯೇ ಬಿಟ್ಟೆ, ಕತ್ತಲೆಯಲ್ಲಿ, ಇಂಗ್ಲಿಷಿನಲ್ಲಿ. ಪಿಎಚ್‌ಡಿ ಮಾಡುವ ಹುಡುಗಿ ಹೇಳಿದಳು, ಬೆಳಕು ಇಷ್ಟು ಕಡಿಮೆ ಇದ್ದಾಗ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡೋದಿಲ್ಲ ಅಂತ. ಕಣ್ಣಿನ ಪಾಠ ಹತ್ತನೇ ಕ್ಲಾಸಿಗೆ ನಾನೇ ಮಾಡುತ್ತಿದ್ದೆ! ದಂಡಕೋಶ, ಶಂಕುಕೋಶ, ಬೋರ್ಡಿನ ಮೇಲೆ ಚಿತ್ರ, ಎರಡು ಅಂಕದ ಪ್ರಶ್ನೆ. ಅದನ್ನು ಆಕಾಶಕ್ಕೆ ಜೋಡಿಸಬಹುದು ಅಂತ ಒಂದು ದಿನ ಹೊಳೆದಿರಲಿಲ್ಲ. ಆ ಬೆಳಕು ಹೊರಟು ಸುಮಾರು 1,300 ವರ್ಷ ಆಯಿತು ಅಂದಳು. ಪಟ್ಟದಕಲ್ಲಿನಲ್ಲಿ ಉಳಿ ಸುತ್ತಿಗೆ ಸದ್ದು ಕೇಳುತ್ತಿದ್ದ ಕಾಲ ಅಂತ ಲೆಕ್ಕ ಹಾಕಿಕೊಂಡೆ. ಹಿಂದೆ ಕ್ಯೂ ಇತ್ತು, ಜಾಸ್ತಿ ಹೊತ್ತು ನೋಡೋಕೆ ಬಿಡಲಿಲ್ಲ.

ಟ್ರಿನಿಟಿ ಕಾಲೇಜಿನ ಮುಂದೆಯೂ ಹೋಗಿದ್ದೆ, ನಮ್ಮ ರಾಮಾನುಜನ್ 1914ರಿಂದ 1919ರವರೆಗೆ ಇದ್ದ ಕಾಲೇಜು. ಬಾಗಿಲ ಪಕ್ಕ ಒಂದು ಸೇಬಿನ ಮರ, ನ್ಯೂಟನ್ ಮನೆಯ ಮರದ ಕಸಿ. ಚಳಿಗೆ ಎಲೆ ಉದುರಿ ಬರೀ ಕಡ್ಡಿ. ನ್ಯೂಟನ್ ಇಲ್ಲಿ ಪ್ರೊಫೆಸರಾಗಿದ್ದಾಗ ಪಾಠ ಕೇಳೋಕೆ ಜನವೇ ಬರುತ್ತಿರಲಿಲ್ಲವಂತೆ, ಎಷ್ಟೋ ಸಲ ಗೋಡೆಗಳಿಗೆ ಪಾಠ ಹೇಳಿದ ಹಾಗಿತ್ತು ಅಂತ ಆತನ ಹತ್ತಿರ ಕೆಲಸಕ್ಕಿದ್ದವನೇ ಬರೆದಿಟ್ಟಿದ್ದಾನೆ. ಮಧ್ಯಾಹ್ನದ ಮೊದಲ ಪೀರಿಯಡ್ ತೆಗೆದುಕೊಂಡವರಿಗೆಲ್ಲ ಅದು ಗೊತ್ತು ಬಿಡಿ.

ಇನ್ನು ಮೂರು ಶುಕ್ರವಾರ ಉಳಿದಿವೆ. ಅಷ್ಟೂ ಹೋಗುತ್ತೇನೆ. ಆ ಮೂರು ದಿನ ನೀವು ಬೆಳಿಗ್ಗೆಯೇ ಬೇಡ, ಮಧ್ಯಾಹ್ನ ಊಟ ಆದ ಮೇಲೆ ಫೋನ್ ಮಾಡಿ, ನನಗೆ ಆಗ ಬೆಳಗಿನ ಕಷಾಯದ ಹೊತ್ತು.

ಏಪ್ರಿಲ್‌ನಲ್ಲಿ ಬರುತ್ತೇನೆ. ಅಪ್ಪೆಮಿಡಿ ಬಂದರೆ ಉಪ್ಪಿನಲ್ಲಿ ಹಾಕಿಡಿ, ನಾನು ಬರುವವರೆಗೆ ಕಾಯಬೇಡಿ. ಮತ್ತೆ ಅಕ್ಟೋಬರ್‌ನಲ್ಲಿ ಶಿಬಿರಕ್ಕೆ ಅರ್ಜಿ ಹಾಕುವಾಗ ನನ್ನ ಹೆಸರೂ ಬರೆಯಿರಿ. ಬರುವ ಸ್ನೇಹಿತರಿಗೆ ತಿಂಡಿ ಏನು ಅಂತ ಇನ್ನೂ ಎಂಟು ತಿಂಗಳು ಸಮಯ ಇದೆ, ನಿಧಾನಕ್ಕೆ ಯೋಚನೆ ಮಾಡಿ. ಗ್ರೈಂಡರಿನ ಸ್ವಿಚ್ಚು ಎಡಗಡೆ ಇದೆ.

ಇಂತಿ,
ನಾನೇ